ಗಿರಣಿ ಕಲ್ಲಯ್ಯನ ಕಾರು

ನಮ್ಮ ಅಣ್ಣ ಕಲ್ಲಯ್ಯನಿಗೆ ಗೊತ್ತಿರುವುದು ಒಂದೇ ವಿದ್ಯೆ. ಆ ಒಂದರ ಬಲದ ಮೇಲೆ ಉಳಿದದ್ದೆಲ್ಲವೂ ತನಗೆ ಗೊತ್ತು ಎಂದು ಅವನು ನಂಬಿಕೊಂಡಿದ್ದಾನೆ. ಏನೂ ಗೊತ್ತಿಲ್ಲದವರ ಮೇಲೆ ನನಗೆ ಸಿಟ್ಟಿಲ್ಲ. ಬೆಳಗಾವಿಯ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತು ಅಂಥವರಿಗೆ ವಿಳಾಸ ಬರೆದುಕೊಡುವುದರಲ್ಲೇ ನನ್ನ ಅರ್ಧ ನೌಕರಿ ಕಳೆದಿದೆ. ಅವರು ಕೇಳುತ್ತಾರೆ, ನಾವು ಹೇಳುತ್ತೇವೆ, ಕೆಲಸ ಮುಗಿಯುತ್ತದೆ. ಅಣ್ಣ ಯಾವತ್ತೂ ಯಾರನ್ನೂ ಏನನ್ನೂ ಕೇಳಿದವನಲ್ಲ. ನಾವಾಗಿಯೇ ಹೇಳಲು ಹೋದರೆ ನಮಗೇ ತಿರುಗಿ ಪಾಠ ಹೇಳುತ್ತಾನೆ.

ಅವನ ವಿದ್ಯೆ ಏನೆಂದು ಹೇಳಿಬಿಡುತ್ತೇನೆ, ಬಹಳ ಹೊತ್ತು ಹಿಡಿಯುವುದಿಲ್ಲ. ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ಅವನದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿಯ ಗೋಡೆಗೆ ಹೊಡೆದ ಕಬ್ಬಿಣದ ಬೋರ್ಡಿನ ಮೇಲೆ ಮೂರು ಸಣ್ಣ ದೀಪಗಳಿವೆ: ಕೆಂಪು, ಹಳದಿ, ನೀಲಿ. ಮೂರೂ ಉರಿಯುತ್ತಿದ್ದರೆ ಮೂರು ಫೇಸ್ ಕರೆಂಟು ಬಂದಿದೆ, ಮೋಟಾರು ಹಾಕಬಹುದು. ಒಂದು ಆರಿದ್ದರೂ ಹಾಕಕೂಡದು, ಹಾಕಿದರೆ ಮೋಟಾರಿನೊಳಗಿನ ತಂತಿ ಸುಟ್ಟುಹೋಗುತ್ತದೆ. ದೀಪ ಹತ್ತಿದ್ದರೆ ಒಳ್ಳೆಯದು, ಆರಿದರೆ ಕೆಟ್ಟದ್ದು. ಇಷ್ಟೇ. ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತಿದ್ದ ಕಾಲದಲ್ಲಿ ಪೇಟೆಯ ಉಳಿದ ಗಿರಣಿಗಳವರೆಲ್ಲ ಅವಸರ ಮಾಡಿ ಮೋಟಾರು ಸುಟ್ಟುಕೊಂಡರು. ಅಣ್ಣ ಮಾತ್ರ ಸ್ಟೂಲಿನ ಮೇಲೆ ಕೂತು ಆ ಮೂರು ದೀಪಗಳನ್ನೇ ದಿಟ್ಟಿಸುತ್ತಿದ್ದ. ಅವನ ಮೋಟಾರು ಒಮ್ಮೆಯೂ ಸುಡಲಿಲ್ಲ.

ಇದರಲ್ಲಿ ಅವನ ಬುದ್ಧಿಗಿಂತ ಅವನ ಸೋಮಾರಿತನದ ಪಾಲು ಹೆಚ್ಚಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಹಿಟ್ಟಿನ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು, 'ಅಯ್ಯಾರ ಕೈಗುಣ ದೊಡ್ಡದು' ಎಂದು ಹೊಗಳತೊಡಗಿದರು. ಅಲ್ಲಿಂದ ನಮ್ಮಣ್ಣನಿಗೆ ಕೊಂಬು ಮೂಡಿದವು.

ಆಮೇಲೆ ಜಗತ್ತಿನಲ್ಲಿ ಇದ್ದದ್ದೆಲ್ಲ ಅವನಿಗೆ ಗಿರಣಿಯ ಬೋರ್ಡೇ ಆಯಿತು. ಯಾರಾದರೂ ಅವನ ಮಾತು ಒಪ್ಪದಿದ್ದರೆ, "ಅವಂದೊಂದು ಫೇಸ್ ಹೋಗೇತಿ ಬಿಡು" ಎನ್ನುತ್ತಿದ್ದ. ನಮ್ಮವ್ವನಿಗೆ ಜ್ವರ ಬಂದು ಎದೆ ಗೊರಗೊರ ಎನ್ನುತ್ತಿದ್ದಾಗ ಅವಳ ರೆಪ್ಪೆ ಎತ್ತಿ ನೋಡಿ, "ಕಣ್ಣಾಗ ಬೆಳಕು ಚಲೋ ಐತಿ, ಅವ್ವಗ ಏನೂ ಆಗಿಲ್ಲ" ಎಂದು ತೀರ್ಪು ಕೊಟ್ಟು ಗಿರಣಿಗೆ ಹೋದ. ನಾನು ಅವಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಪುಪ್ಪುಸದಲ್ಲಿ ನೀರು ತುಂಬಿತ್ತು. ಅವ್ವ ಬದುಕಿ ಮನೆಗೆ ಬಂದಳು. ಬಂದ ದಿನ ಅಣ್ಣ ಎಲ್ಲರೆದುರು ಹೇಳಿದ್ದೇನು? "ನಾ ಹೇಳಿರಲಿಲ್ಲೇನು, ಏನೂ ಆಗಿಲ್ಲ ಅಂತ?"

ಇಂಥ ಮನುಷ್ಯನ ಕೈಗೆ 2000ದ ಇಸ್ವಿಯಲ್ಲಿ ಒಂದು ಕಾರು ಬಂತು.

ರಾಮತೀರ್ಥ ನಗರದ ಅವನ ಮನೆಯ ಪಕ್ಕದಲ್ಲಿ ಅವನದೇ ಒಂದು ಖಾಲಿ ಜಾಗವಿತ್ತು. ಅದನ್ನು ಮಾರಿ ಬಿಳಿ ಬಣ್ಣದ ಹೊಸ ಡೀಸೆಲ್ ಕಾರು ಕೊಂಡ. ನಮ್ಮ ವಂಶದಲ್ಲಿ ಅದುವರೆಗೆ ಯಾರೂ ಕಾರಿನ ಮುಂದಿನ ಸೀಟಿನಲ್ಲಿ ಕೂತವರೇ ಇರಲಿಲ್ಲ. ಅಣ್ಣ ಓಡಿಸಲು ಕಲಿತದ್ದು ಗಿರಣಿಗೆ ಕಾಳು ತರುವ ಹಳೆಯ ಟೆಂಪೋದ ಮೇಲೆ, ಅದರಲ್ಲಿ ಉರಿಯುವ ದೀಪ ಒಂದೂ ಉಳಿದಿರಲಿಲ್ಲ. ತರುವ ದಿನ ಅಣ್ಣ, ಅವನ ಹೆಂಡತಿ ಶಿವಬಸವ್ವ ವೈನಿ, ಮಗಳು ಪೂರ್ಣಿಮಾ, ಜೊತೆಗೆ ನಾನು, ಹೀಗೆ ಎಲ್ಲರೂ ಷೋರೂಮಿಗೆ ಹೋದೆವು. ವೈನಿ ಆರತಿ ಮಾಡಿದರು. ಅಣ್ಣ ಬಾನೆಟ್ಟಿನ ಮೇಲೆ ತನ್ನ ಕೈಯಾರೆ ವಿಭೂತಿ ಎಳೆದ, ತೆಂಗಿನಕಾಯಿ ಒಡೆದ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಟೈ ಕಟ್ಟಿದ ಷೋರೂಮಿನ ಮನುಷ್ಯ ಅಣ್ಣನ ಪಕ್ಕದಲ್ಲಿ ಕೂತು ಕೀಲಿ ತಿರುವಿದ. ಸ್ಟೇರಿಂಗಿನ ಹಿಂದೆ ಮೂರು ಕೆಂಪು ದೀಪಗಳು ಹತ್ತಿಕೊಂಡವು. ಒಂದು ಬ್ಯಾಟರಿಯದು, ಒಂದು ಆಯಿಲಿನದು, ಒಂದು ಹ್ಯಾಂಡ್‌ಬ್ರೇಕಿನದು ಎಂದು ಅವನು ಬೆರಳಿಟ್ಟು ತೋರಿಸಿದ. ಅಣ್ಣನಿಗೆ ಕಂಡದ್ದು ಮೂರು ಎಂಬುದು ಮಾತ್ರ. ಅವನ ಮುಖ ಅರಳಿತು. "ಮೂರೂ ಬಂದಾವು ನೋಡ್ರಿ! ಚಾಲೂ ಮಾಡ್ರಿ!" ಎಂದ.

ಇಂಜಿನ್ನು ಚಾಲೂ ಆಯಿತು. ಹ್ಯಾಂಡ್‌ಬ್ರೇಕು ಇಳಿಯಿತು. ಮೂರೂ ದೀಪಗಳು ಆರಿದವು.

"ಏ ಏ ಏ! ಬಂದ್ ಮಾಡ್ರಿ, ಬಂದ್ ಮಾಡ್ರಿ! ಲೈಟ್ ಹೋದ್ವು!" ಎಂದು ಅಣ್ಣ ಆ ಮನುಷ್ಯನ ಕೈಯನ್ನೇ ಹಿಡಿದುಕೊಂಡ.

"ಹೋಗಬೇಕ್ರೀ ಸಾಹೇಬ್ರ," ಎಂದು ಅವನು ಸಮಾಧಾನದಿಂದ ಹೇಳಿದ. "ಇಂಜಿನ್ ಚಾಲೂ ಆತಂದ್ರ ಕೆಂಪು ಲೈಟ್ ಆರಬೇಕು. ಗಾಡಿ ಓಡೂ ಮುಂದ ಹತ್ತಿದ್ರನ ತ್ರಾಸ. ಹತ್ತಿದ್ರ ಒಂದ ಬಾಜೂ ತಗೊಂಡು ನಿಂದ್ರಸ್ರಿ, ಬಂದ್ ಮಾಡ್ರಿ, ನಮಗೊಂದು ಫೋನ್ ಮಾಡ್ರಿ."

ಅಣ್ಣ ನಮ್ಮ ಕಡೆಗೆ ತಿರುಗಿ ನಕ್ಕ. ಸಣ್ಣ ಮಕ್ಕಳು ತಪ್ಪು ಲೆಕ್ಕ ಒಪ್ಪಿಸಿದಾಗ ಮಾಸ್ತರರು ನಗುವ ನಗೆ ಅದು. "ಆರಿದ್ರ ಚಲೋ, ಹತ್ತಿದ್ರ ಖರಾಬು? ಯಾ ಊರಿನ ಕರೆಂಟ್ರೀ ಇದು? ಇಪ್ಪತ್ತು ವರ್ಷ ಬೋರ್ಡ್ ನೋಡೀನಿ ನಾನು."

ಟೈ ಕಟ್ಟಿದ ಮನುಷ್ಯ ಕೆಳಗಿಳಿದು ನಿಂತು ಮತ್ತೊಮ್ಮೆ ಬಾಯಿ ತೆರೆದ. ಅಣ್ಣ ಅಷ್ಟರಲ್ಲಿ ಬಾಗಿಲು ಹಾಕಿಕೊಂಡಿದ್ದ.

ಮನೆ ಮುಟ್ಟುವಷ್ಟರಲ್ಲಿ ಅವನ ತಲೆಯಲ್ಲಿ ಒಂದು ಸಿದ್ಧಾಂತ ತಯಾರಾಗಿತ್ತು. ಕಾರು ಹೊಸದು. ಬ್ಯಾಟರಿಯೂ ಹೊಸದು, ಇನ್ನೂ ತುಂಬಿಲ್ಲ. ಓಡುವ ಇಂಜಿನ್ನೇ ಇದ್ದ ಕರೆಂಟನ್ನೆಲ್ಲ ಎಳೆದುಕೊಳ್ಳುವುದರಿಂದ ದೀಪಗಳಿಗೆ ಸಾಲುತ್ತಿಲ್ಲ. ಗಾಡಿ ಓಡಿ ಓಡಿ ಬ್ಯಾಟರಿ ಪೂರಾ ತುಂಬಿತೆಂದರೆ ದೀಪಗಳು ತಾವಾಗಿಯೇ ಹತ್ತಿ ನಿಲ್ಲುತ್ತವೆ. ಅವತ್ತು ಗಾಡಿ 'ಸೆಟ್' ಆಯಿತೆಂದು ತಿಳಿಯಬೇಕು. ಈ ಆಣಿಮುತ್ತನ್ನು ಅವನು ಗಿರಣಿಗೆ ಬಂದವರಿಗೆಲ್ಲ ಹಂಚಿದ. ಅವರೂ ಕೇಳಿಕೊಂಡರು. ಬೋರ್ಡಿನ ವಿಷಯದಲ್ಲಿ ಅಯ್ಯನವರ ಮಾತೆಂದರೆ ಮುಗಿಯಿತಲ್ಲ! ಗಿರಣಿಯೆದುರಿನ ಕಿರಾಣಿ ಅಂಗಡಿಯ ಸಾತಪ್ಪ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಕೂಗಿ ಕೇಳುತ್ತಿದ್ದ: "ಹತ್ತಿದ್ವೇನ್ರೀ ಅಯ್ಯಾರ?"

"ಇನ್ನೂ ಇಲ್ಲೋ ಸಾತಪ್ಪಾ. ಹತ್ತತಾವು, ಇನ್ನೊಂದೀಟು ಓಡಬೇಕು."

ಊರಿನಲ್ಲಿ ಅಷ್ಟೊಂದು ಜನ ಕಾರಿನವರಿದ್ದರು. ಅವರಲ್ಲಿ ಒಬ್ಬರನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಕೇಳಿದರೆ ಗಿರಣಿ ಕಲ್ಲಯ್ಯನ ಮರ್ಯಾದೆ ಏನಾಗಬೇಕು?

ಮನೆಯಲ್ಲಿ ತಿಳಿದವಳೊಬ್ಬಳು ಇದ್ದಳು, ಪೂರ್ಣಿಮಾ. ಕಾರಿನ ಜೊತೆ ಬಂದ ಪುಸ್ತಕವನ್ನು ಅವಳು ಮೊದಲ ವಾರದಲ್ಲೇ ಓದಿ ಮುಗಿಸಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ, ನಾನೂ ಅಲ್ಲಿದ್ದೆ, ಅವಳು ಅಪ್ಪನಿಗೆ ತಿಳಿಸಿ ಹೇಳಿದಳು. "ಅಪ್ಪಾ, ಕೊಳವಿ ಇರೂ ಎಣ್ಣಿ ಡಬ್ಬಿ ಗತೆ ಒಂದು ಚಿತ್ರ ಐತಲ್ರಿ, ಅದು ಹತ್ತಿದ್ರ ಇಂಜಿನ್ನಿಗೆ ಎಣ್ಣಿ ಮುಟ್ಟವಲ್ದು ಅಂತ ಅರ್ಥ. ಹಂಗ ಓಡಿಸಿದ್ರ ಇಂಜಿನ್ ಹಿಡಕೊಂಡು ಬಿಡತೈತಂತ. ಆಗಿಂದಾಗ ಬಂದ್ ಮಾಡಬೇಕಂತ."

ಅಣ್ಣ ರೊಟ್ಟಿ ಮುರಿಯುತ್ತ ಕೇಳಿದ: "ಆ ಬುಕ್ ಬರದಾಂವ ಗಿರಣಿ ನಡಿಸ್ಯಾನೇನು?"

"ಕಾರ್ ಮಾಡಿದವರ ಬರದಾರ್ರೀ ಅಪ್ಪಾ."

"ಮಾಡೋದು ಬ್ಯಾರೆ, ನಡಸೋದು ಬ್ಯಾರೆ. ನೀ ಹುಡುಗರಿಗೆ ಕಾಗುಣಿತ ಕಲಸವ್ವಾ, ಇದು ನಿನಗ ತಿಳಿಯೂದಲ್ಲ."

ಶಿವಬಸವ್ವ ವೈನಿ ಪಲ್ಯ ಬಡಿಸಿದರು. ಅವರು ಮಾತು ಕಡಿಮೆ ಮಾಡಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಕಲ್ಲಿಗೆ ನೀರು ಹೊಯ್ದು ಮೊಳಕೆ ಕಾಯುವಂಥ ಹೆಂಗಸು ಅವರಲ್ಲ.

ಪೂರ್ಣಿಮಾ ಟಿಸಿಎಚ್ ಮುಗಿಸಿ ಮಾಸ್ತರಿಕೆಯ ನೌಕರಿಗಾಗಿ ಕಾದು ಕೂತಿದ್ದಳು. ಕಾಯುವ ಹೊತ್ತಿನಲ್ಲಿ ಅಣ್ಣ ಸುಮ್ಮನೆ ಕೂತಿರಲಿಲ್ಲ, ವರಗಳನ್ನು ಕರೆತರುತ್ತಿದ್ದ. ಬಂದವರೆದುರು ಅವಳು ಉಪ್ಪಿಟ್ಟಿನ ತಾಟು ಹಿಡಿದು ನಿಂತದ್ದು ಎಷ್ಟು ಸಲವೋ. ನೌಕರಿ ಸಿಕ್ಕರೆ ತಾನೇ ದುಡಿದು ನಿಲ್ಲುತ್ತೇನೆ, ಸಿಗದಿದ್ದರೆ ಅಪ್ಪ ಯಾರ ಕೈಗೆ ಒಪ್ಪಿಸುತ್ತಾನೋ ಅವನ ಮನೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆ ದೀಪಾವಳಿಯ ಮುಂಚೆ ಆದೇಶ ಬಂತು. ಖಾನಾಪುರ ತಾಲೂಕಿನ ಗುಂಜಿಯ ಬಳಿಯ ಒಂದು ಹಳ್ಳಿಯ ಸಾಲೆ. ಮೊದಲು ಖಾನಾಪುರದ ಶಿಕ್ಷಣ ಇಲಾಖೆಯ ಆಫೀಸಿಗೆ ಹೋಗಿ ಹಾಜರಾಗಬೇಕು. ಅದಕ್ಕೊಂದು ಕಡೆಯ ದಿನ ಇತ್ತು. ಅದು ದಾಟಿದರೆ ಆದೇಶ ರದ್ದಾಗುತ್ತದೆ ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು.

"ನಾಳೆ ಬಸ್ಸಿಗೆ ಹೋಗಿ ಹಾಜರಾಗಿ ಬರ್ತೀನಿ" ಎಂದಳು ಪೂರ್ಣಿಮಾ. ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿಗೇನು ಬರ, ರೈಲೂ ಇದೆ.

"ಮನಿ ಮುಂದ ಕಾರ್ ನಿಲ್ಲಿಸ್ಕೊಂಡು ಮಗಳನ್ನ ಬಸ್ಸಿನ್ಯಾಗ ಜೋತಾಡಾಕ ಬಿಟ್ರ ಮಂದಿ ನನ್ನ ಮಾರಿಮ್ಯಾಗ ಉಗುಳ್ತಾರ," ಎಂದ ಅಣ್ಣ. "ನಾನ ಕರ್ಕೊಂಡು ಹೋಗ್ತೀನಿ."

ಮಗಳ ಮೇಲಿನ ಮಮತೆಯಿಂದ ಹೇಳಿದ ಮಾತಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಆಫೀಸಿನ ಅಂಗಳಕ್ಕೆ ಬಿಳಿ ಕಾರು ಬರಬೇಕು, ಕಾರಕೂನರು ಕಿಟಕಿಯಿಂದ ಇಣುಕಬೇಕು, ಇವನು ಶಲ್ಯ ಸರಿಮಾಡಿಕೊಂಡು ಇಳಿಯಬೇಕು. ಆದರೆ ದೀಪಾವಳಿ ಮುಂದಿದ್ದುದರಿಂದ ಗಿರಣಿಯ ತುಂಬ ಚಕ್ಕುಲಿ ಹಿಟ್ಟು, ಕಡಲೆ ಹಿಟ್ಟಿನ ಡಬ್ಬಿಗಳು. ಇವತ್ತು ಬೇಡ, ನಾಳೆ ಎಂದ. ನಾಳೆ ಮಂಗಳವಾರ, ದಿನ ಒಳ್ಳೆಯದಲ್ಲ ಎಂದ. ಹೀಗೇ ದಿನ ನೂಕಿ ನೂಕಿ ಕಡೆಯ ದಿನಕ್ಕೆ ತಂದು ನಿಲ್ಲಿಸಿದ. ಆ ದಿನವಾದರೂ ಬೆಳಿಗ್ಗೆ ಹೊರಟನೇ? ಹನ್ನೆರಡಕ್ಕೆ ಕರೆಂಟು ಬಂತು. ಮೂರು ದೀಪ ಹತ್ತಿದ ಮೇಲೆ ಗಿರಣಿ ಬಿಟ್ಟು ಏಳುವುದುಂಟೇ! ಪೂರ್ಣಿಮಾ ಬೆಳಗಿನಿಂದ ಸೀರೆ ಉಟ್ಟು, ಕಾಗದಪತ್ರಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಅವಳ ಸಲುವಾಗಿ ನಾನೂ ಅರ್ಧ ದಿನ ರಜೆ ಹಾಕಿ ಬಂದಿದ್ದೆ. ಅಣ್ಣ ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಮನೆಗೆ ಬಂದು, ಸ್ನಾನ ಮಾಡಿ, ಹೊಸ ಧೋತರ ಉಟ್ಟು ಹೊರಡುವಾಗ ಮೂರೂವರೆ ದಾಟಿತ್ತು.

"ಗಾಬರಿ ಆಗಬ್ಯಾಡವ್ವಾ. ಆಫೀಸು ಐದೂವರಿಗೆ ಬಂದ್ ಆಗೋದು. ಕಾರಂದ್ರ ಏನಂತ ತಿಳದಿ?" ಎಂದ.

ಪೂರ್ಣಿಮಾ ಅಪ್ಪನ ಪಕ್ಕದಲ್ಲಿ, ನಾನು ಹಿಂದೆ. ಪೀರನವಾಡಿ ದಾಟಿದೆವು, ಮಚ್ಛೆ ದಾಟಿದೆವು. ಮಳೆಗಾಲದ ತಗ್ಗುಗಳು ಇನ್ನೂ ಹಾಗೇ ಇದ್ದವು. ಅಣ್ಣನಿಗೆ ಗಾಡಿಯನ್ನು ನಿಧಾನ ಮಾಡುವುದೆಂದರೆ ಅವಮಾನ. ದೇಸೂರಿನ ಆಚೆ ಎಮ್ಮೆಗಳ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಬ್ರೇಕು ಹಾಕಿ ನಿಂತಿದ್ದರೆ ಎಮ್ಮೆಗಳು ತಮ್ಮ ಪಾಡಿಗೆ ದಾಟುತ್ತಿದ್ದವು. ಇವನು ಹಾರ್ನು ಒತ್ತುತ್ತ ಗಾಡಿಯನ್ನು ಡಾಂಬರಿನಿಂದ ಕೆಳಗಿಳಿಸಿ, ಕಲ್ಲು ಕೊರಕಲಿನ ಮೇಲೆ ನುಗ್ಗಿಸಿ ಮತ್ತೆ ಮೇಲೆ ಹತ್ತಿಸಿದ. ಕಾರಿನ ಹೊಟ್ಟೆಗೆ ಏನೋ ದಡಾರ್ ಎಂದು ಬಡಿಯಿತು. ನನ್ನ ಕಾಲ ಕೆಳಗಿನ ತಗಡು ನಡುಗಿತು.

"ಅಣ್ಣಾ, ಕೆಳಗ ಏನೋ ಜೋರ ಬಡೀತು. ಇಳದು ನೋಡೂಣು," ಎಂದೆ.

"ಗಾಡಿ ಓಡಾಕತ್ತೈತಿಲ್ಲೋ ತಮ್ಮಾ? ಓಡೋದನ್ನ ನಿಂದ್ರಿಸಿ ಏನ್ ನೋಡ್ತಿ?"

ಸ್ವಲ್ಪ ದೂರ ಹೋಗಿರಬೇಕು. ಅಣ್ಣ ಒಮ್ಮೆಲೇ ಸ್ಟೇರಿಂಗನ್ನು ಅಂಗೈಯಿಂದ ಬಡಿದು ಕೂಗಿದ. "ಹತ್ತಿತು! ತಮ್ಮಾ, ಹತ್ತಿತು ನೋಡೋ!"

ನಾನು ಮುಂದೆ ಬಗ್ಗಿ ನೋಡಿದೆ. ಸ್ಟೇರಿಂಗಿನ ಹಿಂದೆ ಒಂದು ಕೆಂಪು ದೀಪ ಹತ್ತಿತ್ತು. ಅಣ್ಣನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಎರಡೂ ಕೈ ಬಿಟ್ಟು ಆ ದೀಪಕ್ಕೊಂದು ಶರಣು ಮಾಡಿ ಮತ್ತೆ ಸ್ಟೇರಿಂಗು ಹಿಡಿದ. "ಚಲೋ ಕೆಲಸಕ್ಕ ಹೊಂಟೀವಲ್ಲ, ಇವತ್ತ ಸೆಟ್ ಆತು ಗಾಡಿ. ಒಂದು ಬಂತಂದ್ರ ಎರಡೂ ಬರ್ತಾವು ಇನ್ನ."

ಪೂರ್ಣಿಮಾ ದೀಪದ ಮೇಲೆ ಬೆರಳಿಟ್ಟಳು. "ಅಪ್ಪಾ, ಅದು ಎಣ್ಣಿದು. ನಿಂದ್ರಸ್ರಿ."

"ಸುಮ್ನ ಕುಂದ್ರವ್ವಾ."

"ಕಲ್ಲು ಬಡದು ಎಣ್ಣಿ ಸೋರಿ ಹೋಗಿರಬೇಕ್ರಿ. ನಿಂದ್ರಸ್ರಿ ಅಪ್ಪಾ! ಇಂಜಿನ್ ಹೋಗತೈತ್ರಿ!"

"ನಾ ಓಡಸಾಕತ್ತೀನೋ ನೀ ಓಡಸಾಕತ್ತೀಯೋ?"

"ಅಣ್ಣಾ, ಅಕಿ ಹೇಳೂದು ಕೇಳು ಒಮ್ಮಿ. ನಿಂದ್ರಿಸಿ ನೋಡಾಕ ಏನ್ ಧಾಡಿ ನಿನಗ?" ಎಂದು ನಾನು ಹಿಂದಿನಿಂದ ಅವನ ಭುಜ ಹಿಡಿದು ಅಲುಗಿಸಿದೆ.

"ನಿಮ್ಮಿಬ್ಬರದೂ ಫೇಸ್ ಹೋಗೇತಿ," ಎಂದು ಅವನು ಇನ್ನಷ್ಟು ಜೋರಾಗಿ ಓಡಿಸತೊಡಗಿದ. ಮುಂದಿನಿಂದ ಟಕಟಕ ಎಂದು ಸದ್ದು ಶುರುವಾಯಿತು. ಒಳಗೆ ಯಾರೋ ಕಬ್ಬಿಣ ಕುಟ್ಟುತ್ತಿರುವ ಹಾಗೆ ಅದು ಏರುತ್ತ ಹೋಯಿತು. ಪೂರ್ಣಿಮಾ ಕಿವಿ ಮುಚ್ಚಿಕೊಂಡಳು. ಅಣ್ಣ ನಕ್ಕ. "ಇದಕ್ಕ ಹೆದರ್ತಿಯಾ? ನಮ್ಮ ಗಿರಣಿ ಇದರ ಹತ್ತ ಪಾಲು ಸಪ್ಪಳ ಮಾಡತೈತಿ."

ಆಮೇಲೆ ಗಾಡಿ ಒಮ್ಮೆ ಜಗ್ಗಿತು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಸದ್ದೆಲ್ಲ ನಿಂತುಹೋಯಿತು. ಕಾರು ಉರುಳುತ್ತ ಉರುಳುತ್ತ ರಸ್ತೆಯ ಅಂಚಿಗೆ ಬಂದು ನಿಂತಿತು. ಅಣ್ಣ ಹ್ಯಾಂಡ್‌ಬ್ರೇಕು ಎಳೆದ.

ಎದುರಿಗೆ ಮೂರೂ ಕೆಂಪು ದೀಪಗಳು ಜಗಜಗ ಉರಿಯುತ್ತಿದ್ದವು. ಇಷ್ಟು ತಿಂಗಳಿಂದ ಅವನು ಕಾದು ಕೂತಿದ್ದ ಗಳಿಗೆ. ಅಣ್ಣ ಅವುಗಳನ್ನು ನೋಡಿದ, ನಮ್ಮನ್ನು ನೋಡಿದ, ಮತ್ತೆ ಅವುಗಳನ್ನು ನೋಡಿದ. "ಮೂರೂ ಹತ್ಯಾವಲ್ಲೋ! ಮತ್ತ್ಯಾಕ ನಿಂತು?" ಎಂದ.

ನನಗೆ ನಗು ಬರಲಿಲ್ಲ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ನನಗಿಂತ ಹಿರಿಯ ಎಂಬ ಒಂದೇ ಕಾರಣಕ್ಕೆ ಕೈ ತಡೆದುಕೊಂಡೆ.

ಪೂರ್ಣಿಮಾ ಆಗಲೇ ಇಳಿದು ಹಿಂದೆ ಹೋಗಿದ್ದಳು. ನಾವು ಬಂದ ದಾರಿಯುದ್ದಕ್ಕೂ ಡಾಂಬರಿನ ಮೇಲೆ ಎಣ್ಣೆಯ ಕರೀ ಗೆರೆ ಬಿದ್ದಿತ್ತು. ಅವಳು ಅದನ್ನು ಅಪ್ಪನಿಗೆ ತೋರಿಸಲೂ ಇಲ್ಲ. ಗಡಿಯಾರ ನೋಡಿಕೊಂಡಳು. ನಾಲ್ಕೂವರೆ ಆಗುತ್ತ ಬಂದಿತ್ತು. ಖಾನಾಪುರ ಇನ್ನೂ ದೂರ. ಮುಂದಿನ ಸೀಟಿನಿಂದ ತನ್ನ ಚೀಲ ತೆಗೆದುಕೊಂಡು ರಸ್ತೆಯ ಬದಿಗೆ ಹೋಗಿ ನಿಂತಳು.

"ಬಿಸಿ ಆಗೇತಿ ಅಷ್ಟ. ಆರಲಿ, ಮತ್ತ ಚಾಲೂ ಆಗತೈತಿ," ಎಂದು ಅಣ್ಣ ಬಾನೆಟ್ಟು ತೆಗೆದು ಹಣಿಕಿ ಹಾಕಿದ. ಒಳಗಿನ ಬಿಸಿ ಹೊಗೆ ಅವನ ಮುಖಕ್ಕೆ ಹೊಡೆಯಿತು. ಏನನ್ನೋ ಮುಟ್ಟಿ ಕೈ ಸುಟ್ಟುಕೊಂಡ. ಹೊಸ ಧೋತರಕ್ಕೆ ಕರೀ ಎಣ್ಣೆ ಒರೆಸಿಕೊಂಡ. ಅಷ್ಟರಲ್ಲಿ ಬೆಳಗಾವಿಯ ಕಡೆಯಿಂದ ಒಂದು ಬಸ್ಸು ಬಂತು. ಬಾಗಿಲಿನವರೆಗೂ ಜನ. ಪೂರ್ಣಿಮಾ ರಸ್ತೆಯ ನಡುವಿನವರೆಗೆ ಬಂದು ಕೈ ಮಾಡಿದಳು.

"ಪೂರ್ಣೀ! ಕಾರಿನ ಬಾಜೂಕ ನಿಂತು ಬಸ್ಸಿಗೆ ಕೈ ಮಾಡ್ತಿಯಾ?" ಎಂದು ಅಣ್ಣ ಕೂಗಿದ. "ಬಸ್ಸಿನ ಮಂದಿಯೆಲ್ಲಾ ನೋಡಾಕತ್ತಾರ!"

"ನೋಡ್ಲಿ ಬಿಡ್ರಿ," ಎಂದು ಅವಳು ಹತ್ತಿಬಿಟ್ಟಳು.

"ತಮ್ಮಾ, ನೀನರ ಹೇಳೋ ಅಕಿಗೆ!" ಎಂದ ಅಣ್ಣ. ಅವಳ ಹಿಂದೆ ನಾನೂ ಹತ್ತಿದೆ. ಬಸ್ಸು ಹೊರಟಾಗ ಅವನು ಬಾನೆಟ್ಟಿನ ಹತ್ತಿರ ಕಂಬದ ಹಾಗೆ ನಿಂತಿದ್ದ. ಅವನನ್ನು ಹಾಗೆ ಬಿಟ್ಟು ಬಂದದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ ಎಂದು ಇಲ್ಲಿ ಹೇಳಿಬಿಡುತ್ತೇನೆ.

ಬಸ್ಸಿನಲ್ಲಿ ಪೂರ್ಣಿಮಾ ಕಂಬಿ ಹಿಡಿದು ನಿಂತು ಅತ್ತಳು. ದುಃಖದ ಅಳು ಅಲ್ಲ, ಸಿಟ್ಟಿನ ಅಳು. "ಕಾಕಾ, ಆಫೀಸು ಮುಚ್ಚಿದ್ರ ನಂದು ಮುಗೀತ್ರಿ. ಮುಂದಿನ ವಾರನ ಅಪ್ಪ ಯಾರನರ ಕರ್ಕೊಂಡು ಬರ್ತಾರ. ಮತ್ತ ನಾ ತಾಟು ಹಿಡಕೊಂಡು ನಿಂದರಬೇಕು," ಎಂದಳು. ಬಸ್ಸು ಪ್ರತಿ ಹಳ್ಳಿಯ ದಾರಿ ಕವಲೊಡೆಯುವ ಫಾಟಾದಲ್ಲಿ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವಳು ಗಡಿಯಾರ ನೋಡುತ್ತಿದ್ದಳು.

ಖಾನಾಪುರದಲ್ಲಿ ಇಳಿದು ಇಬ್ಬರೂ ಓಡಿದೆವು. ಆಫೀಸಿನಲ್ಲಿ ಕಿಟಕಿಗಳನ್ನು ಮುಚ್ಚುತ್ತಿದ್ದರು. ಕಾರಕೂನರೊಬ್ಬರು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ ಮರಾಠಿಯಲ್ಲಿ ಯಾರಿಗೋ ಬರುತ್ತೇನೆಂದು ಹೇಳುತ್ತಿದ್ದವರು ನಮ್ಮನ್ನು ಕಂಡು ಕನ್ನಡಕ್ಕೆ ತಿರುಗಿದರು. "ಏನವಾ, ಎಲ್ಲಾರೂ ಹಾಜರಾಗಿ ವಾರ ಆತು. ಇಷ್ಟ್ ದಿನ ಎಲ್ಲಿದ್ದಿ? ನಾಳೆ ಬಂದಿದ್ರ ನಿನ್ನ ಹೆಸರ ಹೊಡದ ಹಾಕ್ತಿದ್ವಿ." ಬೈಯುತ್ತಲೇ ಚೀಲ ಕೆಳಗಿಟ್ಟು ಕಪಾಟು ತೆಗೆದರು. ಪೂರ್ಣಿಮಾ ಹಾಜರಾದ ಬಗ್ಗೆ ಬರೆದು ಸಹಿ ಹಾಕಿದಳು. ಸಾಹೇಬರ ಸಹಿಯೂ ಬಿತ್ತು. ನಾನು ಗೋಡೆಗೊರಗಿ ಉಸಿರು ಬಿಟ್ಟೆ.

ಆಗ ಬಾಗಿಲಲ್ಲಿ ಅಣ್ಣ ಕಾಣಿಸಿಕೊಂಡ. ಯಾವುದೋ ಹಾಲಿನ ಗಾಡಿ ಹತ್ತಿ ಬಂದಿದ್ದನಂತೆ. ಧೋತರದ ತುಂಬ ಕರೀ ಎಣ್ಣೆ, ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗೆ ಇಳಿದಿತ್ತು. ಇಂಥ ಅವತಾರದಲ್ಲಿ ಬೇರೆ ಯಾರಾದರೂ ತಲೆ ತಗ್ಗಿಸಿಕೊಂಡು ಒಂದು ಮೂಲೆಗೆ ನಿಲ್ಲುತ್ತಿದ್ದರು. ಅವನು ಶಲ್ಯ ಸರಿಮಾಡಿಕೊಂಡು ಮುಂದೆ ಬಂದು ಕಾರಕೂನರಿಗೆ ಹೇಳಿದ: "ನಮಸ್ಕಾರ್ರಿ. ನಾ ಇವರ ತಂದಿ. ಬೆಳಗಾವ್ಯಾಗ ನಮ್ಮದು ಗಿರಣಿ ಐತಿ. ಹೆಣ್ಣ ಹುಡುಗೀನ್ನ ಬಸ್ಸಿಗೆ ಯಾಕ ಕಳಸೂದಂತ ನಮ್ಮ ಕಾರಿನ್ಯಾಗ ಕರ್ಕೊಂಡು ಬಂದೀನಿ."

ಕಾರಕೂನರು ಖಾಲಿ ಅಂಗಳದ ಕಡೆ ನೋಡಿದರು.

"ನಾ ಬಸ್ಸಿನ್ಯಾಗ ಬಂದೀನ್ರಿ," ಎಂದಳು ಪೂರ್ಣಿಮಾ.

ಎಲ್ಲರಿಗೂ ಕೇಳಿಸುವಂತೆ ಹೇಳಿದಳು. ಹೊರಗಿನವರೆದುರು ಅಪ್ಪನ ಮಾತು ಅವಳು ತೆಗೆದುಹಾಕಿದ್ದು ಅದೇ ಮೊದಲು. ಕಾರಕೂನರು ಪಾಪ, ಎಲ್ಲಿ ನೋಡಬೇಕೆಂದು ತಿಳಿಯದೆ ಮಾತು ಬದಲಿಸಿದರು. ನಾಳೆ ಬೆಳಿಗ್ಗೆ ಸಾಲೆಯಲ್ಲಿರಬೇಕು, ಎಲ್ಲಿ ಉಳಿದುಕೊಳ್ಳುತ್ತೀಯವ್ವಾ ಎಂದು ಕೇಳಿದರು. ಪಗಾರಿನ ಕೆಲಸಕ್ಕೆ ಬಂದು ಬೆಂಚಿನ ಮೇಲೆ ಕೂತಿದ್ದ ಗುಂಜಿಯ ಸಾಲೆಯಲ್ಲಿ ಕಲಿಸುವ ಅಕ್ಕೋರು ಒಬ್ಬರು, ಭರಮವ್ವ ಎಂದು ಹೆಸರು, ತಾವಾಗಿಯೇ ಎದ್ದು ಬಂದರು. "ನಮ್ಮ ಮನ್ಯಾಗ ಒಂದು ಖೋಲಿ ಖಾಲಿ ಐತಿ. ನಾ ಈಗ ಸಂಜಿ ರೈಲಿಗೆ ಹೊಂಟೀನಿ. ನನ್ನ ಸಂಗಾಟ ಬರ್ರಿ ಬೇಕಾದ್ರ."

"ಬರ್ತೀನ್ರಿ," ಎಂದಳು ಪೂರ್ಣಿಮಾ. ಒಂದು ಗಳಿಗೆಯೂ ಯೋಚಿಸಲಿಲ್ಲ.

ಅಂಗಳಕ್ಕೆ ಬಂದ ಮೇಲೆ ಅಣ್ಣ ಅವಳ ಬೆನ್ನು ಹತ್ತಿದ. "ಮೈಮ್ಯಾಗಿನ ಬಟ್ಟಿಮ್ಯಾಗ ಹೋಗ್ತಿಯೇನು? ಮನಿಗೆ ನಡಿ. ಎರಡು ದಿನದಾಗ ಗಾಡಿ ರಿಪೇರಿ ಆಗತೈತಿ. ದಿನಾ ಮುಂಜಾನೆ ನಾನ ಕಾರಿನ್ಯಾಗ ಬಿಟ್ಟು, ಸಂಜೀಕ ಕರ್ಕೊಂಡು ಬರ್ತೀನಿ."

"ಬ್ಯಾಡ್ರಿ ಅಪ್ಪಾ. ನಾ ನಿಮ್ಮ ಸಂಗಾಟ ಬರೂದಿಲ್ಲ."

"ಕಾರಿನ್ಯಾಗ ಬ್ಯಾಡಂದ್ರ ಬಸ್ಸಿನ್ಯಾಗ ಹೋಗೂಣು ಬಾ."

"ಬಸ್ಸಿನ್ಯಾಗೂ ಇಲ್ಲ. ನಿಂದ್ರಸ್ರಿ ನಿಂದ್ರಸ್ರಿ ಅಂತ ಎಷ್ಟ್ ಬಡಕೊಂಡೆ ನಾನು? ನೀವು ಕೇಳಿದ್ರೇನು?" ಅವಳು ಚೀಲವನ್ನು ಹೆಗಲಿಗೇರಿಸಿದಳು. "ಅವ್ವಗ ಹೇಳ್ರಿ. ನೀವು ಹೇಳೂ ಹಂಗ ಅಲ್ಲ, ಆಗಿದ್ದು ಆದಂಗ ಹೇಳ್ರಿ."

ಭರಮವ್ವ ಅಕ್ಕೋರ ಜೊತೆ ಅವಳು ಸ್ಟೇಷನ್ನಿನ ದಾರಿ ಹಿಡಿದಳು. ತಿರುವಿನವರೆಗೂ ಹಿಂತಿರುಗಿ ನೋಡಲಿಲ್ಲ.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ನಾನೂ ಅಣ್ಣನೂ ಒಂದೇ ಸೀಟಿನಲ್ಲಿ ಕೂತೆವು. ಬಸ್ಸು ಊರು ದಾಟುತ್ತಲೇ ಅವನು ನಿಧಾನವಾಗಿ ಶುರುಮಾಡಿದ. ಮಗಳಿಗೆ ಓಡಾಟದ ತ್ರಾಸ ಬೇಡವೆಂದು ತಾನೇ ಖೋಲಿ ನೋಡಿ ಬಿಟ್ಟು ಬಂದೆ ಎಂದು ಮನೆಯಲ್ಲಿ ಹೇಳುವುದಂತೆ. ಕಾರಿನೊಳಗಿನ ಒಂದು ಸಾಮಾನು ಕಂಪನಿಯವರೇ ಕಚ್ಚಾ ಹಾಕಿದ್ದರು ಎನ್ನುವುದಂತೆ. ಆಫೀಸಿನವರು ತನಗೆ ಕುರ್ಚಿ ಹಾಕಿ ಚಹಾ ಕೊಟ್ಟರು ಎಂದೂ ಸೇರಿಸಿದ. ಹೇಳುತ್ತ ಹೇಳುತ್ತ ಅವನಿಗೇ ಅದೆಲ್ಲ ನಿಜವೆನ್ನಿಸತೊಡಗಿದ್ದು ಮುಖ ನೋಡಿದರೆ ತಿಳಿಯುತ್ತಿತ್ತು.

"ನೀ ಹೂಂ ಅಂದ್ರ ಸಾಕೋ ತಮ್ಮಾ," ಎಂದ.

"ನಾ ಅನ್ನೂದಿಲ್ಲ," ಎಂದೆ.

ರಾಮತೀರ್ಥ ನಗರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಶಿವಬಸವ್ವ ವೈನಿ ಬಾಗಿಲಲ್ಲೇ ನಿಂತಿದ್ದರು. ನಡೆದು ಬರುತ್ತಿದ್ದ ನಮ್ಮಿಬ್ಬರನ್ನು, ನಮ್ಮ ಹಿಂದಿನ ಖಾಲಿ ರಸ್ತೆಯನ್ನು ನೋಡಿದರು. ಕಾರಿನ ಬಗ್ಗೆ ಕೇಳಲಿಲ್ಲ.

"ಪೂರ್ಣಿ ಎಲ್ರಿ?"

ಅಣ್ಣ ಬಾಯಿ ತೆರೆದ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ತುಟಿಯವರೆಗೆ ಬಂದದ್ದನ್ನು ನಾನು ಕಂಡೆ. ವೈನಿ ಅವನ ಕಣ್ಣನ್ನೇ ನೋಡುತ್ತ ನಿಂತಿದ್ದರು. ಅವನು ನನ್ನ ಕಡೆ ನೋಡಿದ, ನಾನು ಚಪ್ಪಲಿ ಬಿಡತೊಡಗಿದೆ.

"ನೌಕರಿಗೆ ಹಾಜರಾದ್ಲು," ಎಂದ ಕೊನೆಗೆ. "ಗುಂಜ್ಯಾಗ ಉಳದಾಳ. ನನ್ನ ಸಂಗಾಟ ಬರೂದಿಲ್ಲಂದ್ಲು."

"ಶಾಣೇಕಿ ಅದಾಳ," ಎಂದರು ವೈನಿ. ಒಳಗೆ ಹೋಗಿ ಟ್ರಂಕು ತೆಗೆದು ಮಗಳ ಸೀರೆಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕತೊಡಗಿದರು.